ಜಿಮ್ ಥೋರ್ಪನ ಚೆಂಡಾಟದ ಬಾಳು

“ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು” ಎಂದು ನಮ್ಮ ಹಿರಿಯರು ಹೇಳುವುದುಂಟು. ಹಲವು ವಿದ್ಯೆಗಳಿಗೆ ಕೈಯಿಕ್ಕಿದವನು ಒಂದರಲ್ಲಿಯೂ ಪಾರಂಗತನಾಗಲಾರನೆಂಬುದು ಈ ಮಾತಿನ ಇಂಗಿತ. ಸಾಮಾನ್ಯರ ವಿಷಯದಲ್ಲಿ ಇದು ದಿಟವಾದ ಮಾತು. ಆದರೆ ಪ್ರಕೃತಿಯು ಎಂದಾದರೊಮ್ಮೆ, ಹತ್ತನ್ನೂ ಮುತ್ತಾಗಿಯೇ ಕಟ್ಟಬಲ್ಲ ಮನುಷ್ಯನನ್ನು ಸೃಷ್ಟಿಸುತ್ತದೆ. ಅಂಥವನನ್ನು ಕಂಡಾಗ ಲೋಕವು ಮೊದಲು ಬೆರಗಾಗುತ್ತದೆ. ಬಳಿಕ ಅವನಲ್ಲಿ ಊನವೆಲ್ಲಿದೆಯೆಂದು ಹುಡುಕತೊಡಗುತ್ತದೆ. ಅಮೆರಿಕಾ ಖಂಡದ ಆದಿನಿವಾಸಿಯಾದ ಜಿಮ್ ಥೋರ್ಪನು ಇಂತಹ ಮನುಷ್ಯನಾಗಿದ್ದನು.

ಓಟ, ನೆಗೆತ, ಎಸೆತಗಳಲ್ಲಿಯೂ, ಆ ದೇಶದವರ ಫುಟ್‌ಬಾಲಿನಲ್ಲಿಯೂ ಅವನಿಗೆ ಸಮಾನರು ಆ ಕಾಲದಲ್ಲಿ ಇರಲಿಲ್ಲವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ೧೯೫೦ರಲ್ಲಿ ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆಯವರು ಕ್ರೀಡಾಲೇಖಕರ ಮತಗಳನ್ನು ಸಂಗ್ರಹಿಸಿದಾಗ, ಶತಮಾನದ ಮೊದಲ ಅರ್ಧದಲ್ಲಿ ಅತ್ಯಂತ ಶ್ರೇಷ್ಠನಾದ ಕ್ರೀಡಾಪಟುವೆಂಬ ಮನ್ನಣೆ ಅವನಿಗೇ ಸಂದಿತು. ಆದರೆ ಬೇಸ್‌ಬಾಲಿನ ಮಾತು ಬಂದೊಡನೆ ಅದೇ ಲೇಖಕರ ದನಿ ಬದಲಾಗುತ್ತದೆ. ‘ಅದೊಂದು ಆಟ ಮಾತ್ರ ಅವನಿಗೆ ಒಲಿಯಲಿಲ್ಲ, ತಿರುವಿನ ಚೆಂಡನ್ನು ಹೊಡೆಯಲು ಅವನಿಂದಾಗಲಿಲ್ಲ’ ಎಂದು ಹೇಳಿ ಅಧ್ಯಾಯವನ್ನು ಮುಗಿಸಿಬಿಡುವುದು ವಾಡಿಕೆ. ಈ ತೀರ್ಪು ನ್ಯಾಯವಾದುದೆ? ಅವನ ಆಟದ ಲೆಕ್ಕಪತ್ರಗಳು ಏನು ಹೇಳುತ್ತವೆ? ಇದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಬೇಸ್‌ಬಾಲಿನ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಕ್ರಿಕೆಟ್ಟಿನಲ್ಲಿ ಚೆಂಡು ಸಾಮಾನ್ಯವಾಗಿ ನೆಲಕ್ಕೆ ತಗುಲಿ ಪುಟಿದು ಬರುತ್ತದೆ. ಇಲ್ಲಿ ಅದು ನೆಲವನ್ನು ಮುಟ್ಟದೆ ನೇರವಾಗಿ ಬರುತ್ತದೆ. ಬರುವಾಗಲೇ ಗಾಳಿಯಲ್ಲಿ ಬಾಗುತ್ತದೆ, ಇಳಿಯುತ್ತದೆ. ಹೊಡೆಯುವವನ ಕೈಯಲ್ಲಿರುವುದು ಹಲಗೆಯಲ್ಲ, ದುಂಡನೆಯ ದೊಣ್ಣೆ. ದುಂಡನೆಯ ಚೆಂಡನ್ನು ದುಂಡನೆಯ ದೊಣ್ಣೆಯಿಂದ ಹೊಡೆದು, ಆಟಗಾರರಿಲ್ಲದ ಎಡೆಗೆ ಅದನ್ನು ಕಳುಹಿಸಿ, ನಾಲ್ಕು ನೆಲೆಗಳನ್ನು ಕ್ರಮವಾಗಿ ಓಡಿ ಮುಟ್ಟಿದರೆ ಒಂದು ಓಟ ಸಿಕ್ಕಿದಂತೆ. ಈ ಹೊಡೆತವು ಎಷ್ಟು ಕಠಿನವೆಂದರೆ, ಹತ್ತು ಸರದಿಗಳಲ್ಲಿ ಮೂರು ಸಲ ಸಫಲನಾದವನನ್ನು ಉತ್ತಮ ಆಟಗಾರನೆಂದು ಕೊಂಡಾಡುತ್ತಾರೆ. ಅಲ್ಲಿಯವರು ಈ ಲೆಕ್ಕವನ್ನು ಸಾವಿರಕ್ಕೆ ಇಷ್ಟೆಂದು ಇಡುತ್ತಾರೆ. ಸಾವಿರಕ್ಕೆ ೩೦೦ ಬಂದವನು ಶ್ರೇಷ್ಠ. ೨೫೦ರ ಆಸುಪಾಸಿನವನು ಮಧ್ಯಮ. ೨೦೦ಕ್ಕಿಂತ ಕೆಳಗಿಳಿದವನಿಗೆ ದೊಡ್ಡ ತಂಡಗಳಲ್ಲಿ ಸ್ಥಾನವಿಲ್ಲ. ಈ ಅಳತೆಗೋಲನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

೧. ಬಾಲ್ಯ ಮತ್ತು ಶಾಲೆ

ಥೋರ್ಪನು ೧೮೮೭ರಲ್ಲಿ, ಮುಂದೆ ಓಕ್ಲಹೋಮಾ ಸಂಸ್ಥಾನವಾದ ಪ್ರದೇಶದಲ್ಲಿ ಹುಟ್ಟಿದನು. ಸ್ಯಾಕ್ ಮತ್ತು ಫಾಕ್ಸ್ ಎಂಬ ಜನಾಂಗ ಅವನದು. ಮನೆಯವರು ಇಟ್ಟ ಹೆಸರು ವಾ-ಥೊ-ಹುಕ್. ‘ಬೆಳಗುವ ಹಾದಿ’ ಎಂದು ಅದರ ಅರ್ಥವನ್ನು ಹೇಳುತ್ತಾರೆ. ಅವನೊಡನೆ ಅವಳಿಯಾಗಿ ಹುಟ್ಟಿದ ಚಾರ್ಲಿ ಎಂಬ ಸೋದರನು ಬಾಲ್ಯದಲ್ಲಿಯೇ ತೀರಿಕೊಂಡನು. ತರುವಾಯ ತಾಯಿ ಹೋದಳು, ತಂದೆಯೂ ಹೋದನು. ಹದಿಹರೆಯ ಕಳೆಯುವ ಮೊದಲೇ ಹುಡುಗನು ನಿರಾಶ್ರಿತನಾದನು.

೧೯೦೪ರಲ್ಲಿ ಅವನು ಪೆನ್ಸಿಲ್ವೇನಿಯಾದ ಕಾರ್ಲೈಲ್ ಎಂಬ ಊರಿನಲ್ಲಿದ್ದ ಇಂಡಿಯನ್ ಕೈಗಾರಿಕಾ ಶಾಲೆಯನ್ನು ಸೇರಿದನು. ಈ ಶಾಲೆಯ ವಿಷಯವನ್ನು ಸ್ವಲ್ಪ ಹೇಳದೆ ಮುಂದಿನ ಕಥೆ ಅರ್ಥವಾಗದು. ರಿಚರ್ಡ್ ಪ್ರಾಟ್ ಎಂಬ ಸೈನ್ಯಾಧಿಕಾರಿಯು ೧೮೭೯ರಲ್ಲಿ ಇದನ್ನು ಸ್ಥಾಪಿಸಿದನು. ಆದಿನಿವಾಸಿಗಳ ಮಕ್ಕಳನ್ನು ತಾಯಿತಂದೆಗಳಿಂದ ದೂರಮಾಡಿ, ಅವರ ಜಡೆಯನ್ನು ಕತ್ತರಿಸಿ, ಅವರ ನುಡಿಯನ್ನು ನಿಷೇಧಿಸಿ, ಅವರಲ್ಲಿದ್ದ ಇಂಡಿಯನತನವನ್ನೇ ಅಳಿಸಿ ಬಿಳಿಯರ ನಾಗರಿಕತೆಯಲ್ಲಿ ಬೆರೆಸಬೇಕೆಂಬುದು ಅವನ ಬಹಿರಂಗವಾದ ಧ್ಯೇಯವಾಗಿತ್ತು. ಓದು ಅರ್ಧ ದಿನ, ದುಡಿಮೆ ಅರ್ಧ ದಿನ. ರಜೆಯ ಕಾಲದಲ್ಲಿ ಹುಡುಗರನ್ನು ಸುತ್ತಲಿನ ಬಿಳಿಯ ಒಕ್ಕಲಿಗರ ಹೊಲಮನೆಗಳಿಗೆ ಅಲ್ಪಕೂಲಿಯ ಮೇಲೆ ಕೆಲಸಕ್ಕೆ ಕಳುಹಿಸುವ ಪದ್ಧತಿಯೂ ಇದ್ದಿತು. ಇಂತಹ ಶಾಲೆಯಲ್ಲಿ ಆದಿನಿವಾಸಿ ಹುಡುಗನು ತಲೆಯೆತ್ತಿ ನಿಲ್ಲಬಹುದಾಗಿದ್ದ ಸ್ಥಳವೆಂದರೆ ಆಟದ ಬಯಲು ಒಂದೇ.

ಅಲ್ಲಿ ವ್ಯಾಯಾಮಶಿಕ್ಷಕನಾಗಿದ್ದ ಗ್ಲೆನ್ ವಾರ್ನರನು ಆ ದೇಶದಲ್ಲೆಲ್ಲ ಹೆಸರಾದವನು. ೧೯೦೭ರಲ್ಲಿ ಒಂದು ದಿನ, ಹುಡುಗರು ಎತ್ತರ ಜಿಗಿತವನ್ನು ಅಭ್ಯಾಸಮಾಡುತ್ತಿದ್ದಾಗ, ಕೆಲಸದ ಬಟ್ಟೆಯಲ್ಲಿಯೇ ಹಾದುಹೋಗುತ್ತಿದ್ದ ಥೋರ್ಪನು ಯಾರಿಗೂ ಸಾಧ್ಯವಾಗದಿದ್ದ ಕೋಲನ್ನು ಒಂದೇ ಸಲಕ್ಕೆ ಹಾರಿ ದಾಟಿದನೆಂದೂ, ಅಂದಿನಿಂದ ವಾರ್ನರನ ಕಣ್ಣು ಅವನ ಮೇಲೆ ಬಿದ್ದಿತೆಂದೂ ಹೇಳುತ್ತಾರೆ. ೧೯೧೧ರ ನವೆಂಬರಿನಲ್ಲಿ ಈ ಬಡಶಾಲೆಯ ತಂಡವು ಹಾರ್ವರ್ಡ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡವನ್ನು ೧೮-೧೫ರಿಂದ ಸೋಲಿಸಿತು. ಅದರ ಅಂಕಗಳಲ್ಲಿ ಬಹುಪಾಲು ಥೋರ್ಪನೊಬ್ಬನ ಕಾಲಿನಿಂದಲೇ ಬಂದವು. ಆದರೆ ಈ ವಿಜಯಕ್ಕೆ ಎರಡು ವರ್ಷ ಮೊದಲೇ, ಅವನ ಬಾಳನ್ನು ತಿರುಗಿಸಿದ ಒಂದು ಸಣ್ಣ ಘಟನೆ ನಡೆದುಹೋಗಿತ್ತು.

೨. ಎರಡು ಬೇಸಗೆಗಳು

೧೯೦೯ರ ಬೇಸಗೆಯಲ್ಲಿ ಥೋರ್ಪನು ಕಾರ್ಲೈಲಿನ ಇತರ ಇಬ್ಬರು ಹುಡುಗರೊಡನೆ ಉತ್ತರ ಕೆರೊಲೈನಾ ಸಂಸ್ಥಾನಕ್ಕೆ ಹೋದನು. ಅಲ್ಲಿನ ರಾಕಿ ಮೌಂಟ್ ಎಂಬ ಪಟ್ಟಣದ ಬೇಸ್‌ಬಾಲ್ ತಂಡದಲ್ಲಿ ಸೇರಿ ಆ ವರ್ಷ ಆಡಿದನು. ಮರುವರ್ಷ ಅಲ್ಲಿಯೂ ಫಯೆಟ್‌ವಿಲ್ ಎಂಬ ಊರಿನ ತಂಡದಲ್ಲಿಯೂ ಆಡಿದನು. ಅವು ಈಸ್ಟರ್ನ್ ಕೆರೊಲೈನಾ ಲೀಗ್ ಎಂಬ ಕೂಟಕ್ಕೆ ಸೇರಿದ, ಅತ್ಯಂತ ಕೆಳದರ್ಜೆಯ ತಂಡಗಳು. ಚೆಂಡನ್ನೆಸೆಯುವುದು, ನೆಲೆ ಕಾಯುವುದು, ಹೊಡೆಯುವುದು ಹೀಗೆ ಹೇಳಿದುದನ್ನೆಲ್ಲ ಮಾಡಿದನು. ಅವನಿಗೆ ಸಿಕ್ಕಿದ ಹಣದ ಲೆಕ್ಕವನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುತ್ತಾರೆ. ಆಟವೊಂದಕ್ಕೆ ೨ ಡಾಲರೆಂದು ಕೆಲವರು. ವಾರಕ್ಕೆ ಹೆಚ್ಚೆಂದರೆ ೩೫ ಡಾಲರೆಂದು ಕೆಲವರು. ಅಂತೂ ಅದು ಊಟವಸತಿಗಳಿಗೆ ಸಾಲುವ ಹಣವೇ ಹೊರತು ಸಂಪತ್ತಲ್ಲ.

ಆ ಕಾಲದಲ್ಲಿ ಕಾಲೇಜುಗಳ ತರುಣರನೇಕರು ಬೇಸಗೆಯ ರಜೆಯಲ್ಲಿ ಹೀಗೆಯೇ ಹಣಕ್ಕಾಗಿ ಆಡುತ್ತಿದ್ದರು. ಆದರೆ ಅವರು ಲೋಕವನ್ನು ಬಲ್ಲವರು. ಹುಸಿಹೆಸರುಗಳನ್ನಿಟ್ಟುಕೊಂಡು ಆಡಿ, ರಜೆ ಮುಗಿದೊಡನೆ ಸಂಭಾವಿತರಂತೆ ಕಾಲೇಜಿಗೆ ಮರಳುತ್ತಿದ್ದರು. ಥೋರ್ಪನು ತನ್ನ ಸ್ವಂತ ಹೆಸರಿನಲ್ಲಿಯೇ ಆಡಿದನು. ಊರಿನ ಪತ್ರಿಕೆಗಳಲ್ಲಿ ಅದೇ ಹೆಸರು ಅಚ್ಚಾಯಿತು. ಮರೆಮಾಚಬೇಕಾದ ಕೆಲಸವೇನನ್ನೋ ಮಾಡುತ್ತಿದ್ದೇನೆಂಬ ಭಾವನೆಯೇ ಅವನಿಗೆ ಇದ್ದಂತೆ ತೋರುವುದಿಲ್ಲ. ಹೊಲದಲ್ಲಿ ಕೂಲಿ ಮಾಡಿ ಹಣ ತೆಗೆದುಕೊಂಡರೆ ತಪ್ಪಿಲ್ಲವೆಂದು ಶಾಲೆಯೇ ಕಲಿಸಿದ ಹುಡುಗನಿಗೆ, ಬಯಲಿನಲ್ಲಿ ಚೆಂಡು ಹೊಡೆದು ಹಣ ತೆಗೆದುಕೊಂಡರೆ ತಪ್ಪೆಂಬುದು ಹೇಗೆ ತಾನೆ ಹೊಳೆಯಬೇಕು?

೩. ಸ್ಟಾಕ್‌ಹೋಮಿನ ಗೆಲವು

೧೯೧೨ರ ಜುಲೈ ತಿಂಗಳಿನಲ್ಲಿ ಸ್ವೀಡನ್ ದೇಶದ ರಾಜಧಾನಿಯಾದ ಸ್ಟಾಕ್‌ಹೋಮಿನಲ್ಲಿ ಒಲಿಂಪಿಕ್ ಕೂಟವು ನಡೆಯಿತು. ಥೋರ್ಪನು ಅಲ್ಲಿ ಪೆಂಟಾಥ್ಲಾನ್ ಎಂಬ ಪಂಚಸ್ಪರ್ಧೆಯನ್ನೂ ಡೆಕಾಥ್ಲಾನ್ ಎಂಬ ದಶಸ್ಪರ್ಧೆಯನ್ನೂ ಗೆದ್ದನು. ಪಂಚಸ್ಪರ್ಧೆಯ ಐದರಲ್ಲಿ ನಾಲ್ಕರಲ್ಲಿ ಅವನೇ ಮೊದಲಿಗನು. ದಶಸ್ಪರ್ಧೆಯಲ್ಲಿ ೮,೪೧೨ ಅಂಕಗಳನ್ನು ಗಳಿಸಿ, ಎರಡನೆಯವನಾದ ಸ್ವೀಡನ್ನಿನ ಹ್ಯೂಗೋ ವೀಸ್ಲಾಂಡರನಿಗಿಂತ ಸುಮಾರು ೭೦೦ ಅಂಕಗಳಷ್ಟು ಮುಂದೆ ನಿಂತನು. ಸ್ವೀಡನ್ನಿನ ದೊರೆ ಐದನೆಯ ಗುಸ್ತಾವನು ಬಹುಮಾನಗಳನ್ನು ಕೊಡುವಾಗ, ಜಗತ್ತಿನಲ್ಲೆಲ್ಲ ಹಿರಿಯ ಕ್ರೀಡಾಪಟು ನೀನೆಂದು ಅವನ ಕೈಕುಲುಕಿದನೆಂದು ಪ್ರಸಿದ್ಧಿ ಇದೆ.

ಆ ಕೂಟದಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಬಹುಜನ ಮರೆತಿದ್ದಾರೆ. ಸ್ಟಾಕ್‌ಹೋಮಿನಲ್ಲಿ ಬೇಸ್‌ಬಾಲಿನ ಎರಡು ಪ್ರದರ್ಶನಪಂದ್ಯಗಳು ನಡೆದವು. ಅವುಗಳಲ್ಲಿ ಒಂದರಲ್ಲಿ ಥೋರ್ಪನೂ ಆಡಿದನು. ಯಾವ ಆಟದ ದೆಸೆಯಿಂದ ಆರು ತಿಂಗಳಲ್ಲಿ ಅವನ ಪದಕಗಳು ಹೋಗಲಿದ್ದವೋ, ಅದೇ ಆಟವನ್ನು ಅವನು ಒಲಿಂಪಿಕ್ಕಿನ ನೆಲದ ಮೇಲೆಯೇ ಎಲ್ಲರ ಕಣ್ಮುಂದೆ ಆಡಿದನು.

೪. ಅಪರಾಧ ಮತ್ತು ದಂಡನೆ

೧೯೧೩ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ವೂಸ್ಟರ್ ಪಟ್ಟಣದ ಪತ್ರಿಕೆಯೊಂದು, ಥೋರ್ಪನು ಹಿಂದೆ ಕೆರೊಲೈನಾದಲ್ಲಿ ಹಣಕ್ಕಾಗಿ ಬೇಸ್‌ಬಾಲ್ ಆಡಿದ್ದನೆಂಬ ಸುದ್ದಿಯನ್ನು ಪ್ರಕಟಿಸಿತು. ಒಲಿಂಪಿಕ್ಕಿನ ಅಂದಿನ ನಿಯಮದಂತೆ ಹವ್ಯಾಸಿಗಳಿಗೆ ಮಾತ್ರ ಪ್ರವೇಶ. ನಮ್ಮಲ್ಲಿ ಸಂಬಳಕ್ಕಾಗಿಯಲ್ಲದೆ ಸಂತೋಷಕ್ಕಾಗಿ ನಾಟಕವಾಡುವವರನ್ನು ‘ವಿಲಾಸಿ’ಗಳೆಂದು ಕರೆಯುತ್ತಿದ್ದರಷ್ಟೆ, ಅದೇ ಭಾವನೆ ಅಲ್ಲಿಯೂ. ಯಾವುದೇ ಆಟದಿಂದ ಒಂದು ಕಾಸನ್ನು ಪಡೆದವನೂ ವಿಲಾಸಿಗಳ ಪಂಕ್ತಿಗೆ ಹೊರಗು. ಬೇಸ್‌ಬಾಲಿಗೂ ದಶಸ್ಪರ್ಧೆಗೂ ಸಂಬಂಧವಿಲ್ಲವಲ್ಲ ಎಂಬ ವಾದಕ್ಕೆ ಅಲ್ಲಿ ಎಡೆಯಿರಲಿಲ್ಲ.

ಥೋರ್ಪನು ಸುಳ್ಳಾಡಲಿಲ್ಲ. ಅಮೆರಿಕದ ಹವ್ಯಾಸಿ ಕ್ರೀಡಾಸಂಘದ ಪ್ರಮುಖನಾದ ಜೇಮ್ಸ್ ಸಲ್ಲಿವನ್ನನಿಗೆ ಪತ್ರವನ್ನು ಬರೆದು ಎಲ್ಲವನ್ನೂ ಒಪ್ಪಿಕೊಂಡನು. ತಾನೊಬ್ಬ ಇಂಡಿಯನ್ ಶಾಲಾಬಾಲಕ, ಇಂತಹ ನಿಯಮಗಳನ್ನು ತಿಳಿದವನಲ್ಲ. ತಿಳಿದ ಇತರರು ಹೆಸರು ಮರೆಸಿ ಆಡಿದರು, ತಾನು ಹಾಗೆ ಮಾಡಲಿಲ್ಲ ಎಂಬುದು ಆ ಪತ್ರದ ತಾತ್ಪರ್ಯ. ಪತ್ರವನ್ನು ಬರೆಸಿದವನು ವಾರ್ನರನೇ ಎಂದು ಹಲವರು ಅಭಿಪ್ರಾಯಪಡುತ್ತಾರೆ. ಆ ಹುಡುಗನ ಗೆಲವುಗಳಿಂದ ಕೀರ್ತಿಯನ್ನು ಪಡೆದ ಹಿರಿಯರೆಲ್ಲರೂ ಆಗ ತಮಗೇನೂ ಗೊತ್ತೇ ಇರಲಿಲ್ಲವೆಂದು ಕೈತೊಳೆದುಕೊಂಡರು.

ಸಂಘವು ಅವನ ಹವ್ಯಾಸಿತನವನ್ನು ಹಿಂದಿನ ದಿನಾಂಕದಿಂದಲೇ ರದ್ದುಮಾಡಿತು. ಒಲಿಂಪಿಕ್ ಸಮಿತಿಯು ಪದಕಗಳನ್ನೂ, ಸ್ವೀಡನ್ನಿನ ದೊರೆಯೂ ರಷ್ಯದ ಚಕ್ರವರ್ತಿಯೂ ಕೊಟ್ಟಿದ್ದ ಪಾರಿತೋಷಕಗಳನ್ನೂ ಹಿಂದಕ್ಕೆ ಪಡೆಯಿತು. ಅವನ ಹೆಸರು ದಾಖಲೆಗಳಿಂದ ಅಳಿಸಿಹೋಯಿತು. ಇಲ್ಲಿ ಗಮನಿಸಬೇಕಾದ ಮುಖ್ಯಾಂಶ ಒಂದಿದೆ. ಸ್ಟಾಕ್‌ಹೋಮ್ ಕೂಟದ ನಿಯಮಾವಳಿಯಂತೆ, ಸ್ಪರ್ಧಿಯ ಅರ್ಹತೆಯನ್ನು ಕುರಿತ ಆಕ್ಷೇಪಣೆಯು ೩೦ ದಿನಗಳೊಳಗಾಗಿ ಬರಬೇಕಾಗಿತ್ತು. ಈ ಸುದ್ದಿ ಹೊರಬಿದ್ದುದು ಕೂಟ ಮುಗಿದು ಆರು ತಿಂಗಳಾದ ಮೇಲೆ. ನಿಯಮದ ಹೆಸರಿನಲ್ಲಿ ದಂಡಿಸಿದವರು ನಿಯಮದ ಪುಸ್ತಕವನ್ನೇ ತೆರೆದು ನೋಡಲಿಲ್ಲ.

ಹಣ ಮುಟ್ಟದೆ ಆಡಬೇಕೆಂಬುದು ಕೇಳುವುದಕ್ಕೆ ಉದಾತ್ತವಾದ ಮಾತೇ. ಆದರೆ ಹಣ ಮುಟ್ಟದೆ ಆಡಲು ಶಕ್ತರಾದವರು ಯಾರು? ಹಣವುಳ್ಳವರೇ ಅಲ್ಲವೆ? ಗೇಣಿ ಬರುವ ಮನೆಯವರೂ, ತಂದೆಯ ವ್ಯಾಪಾರವಿದ್ದವರೂ ವರ್ಷವಿಡೀ ಅಭ್ಯಾಸಮಾಡಿ ವಿಲಾಸಿಗಳಾಗಿ ಉಳಿಯಬಹುದು. ತಾಯಿತಂದೆಗಳಿಲ್ಲದ, ನೆಲವನ್ನು ಕಳೆದುಕೊಂಡ ಜನಾಂಗದ ಹುಡುಗನೊಬ್ಬನು ಎರಡು ಬೇಸಗೆ ಊಟಕ್ಕಾಗಿ ಆಡಿದರೆ ಅದು ಕಳಂಕ. ಈ ನಿಯಮವು ಆಟದ ಪಾವಿತ್ರ್ಯವನ್ನು ಕಾಪಾಡಿತೋ, ಪಂಕ್ತಿಭೇದವನ್ನು ಕಾಪಾಡಿತೋ, ವಾಚಕರೇ ನಿರ್ಣಯಿಸಬೇಕು.

೫. ದೊಡ್ಡ ತಂಡದ ಮೂಲೆ

ಹವ್ಯಾಸಿಗಳ ಬಾಗಿಲು ಮುಚ್ಚಿದೊಡನೆ ವೃತ್ತಿಯವರ ಬಾಗಿಲು ತೆರೆಯಿತು. ಸಾಮಾನ್ಯವಾಗಿ ಬೇಸ್‌ಬಾಲ್ ಆಟಗಾರನು ಒಂದು ತಂಡಕ್ಕೆ ಒಮ್ಮೆ ರುಜು ಹಾಕಿದರೆ, ಆ ತಂಡವು ಬಿಟ್ಟಲ್ಲದೆ ಬೇರೆಡೆಗೆ ಹೋಗುವಂತಿರಲಿಲ್ಲ. ಆದರೆ ಥೋರ್ಪನ ಮೇಲೆ ಹಕ್ಕಿದ್ದ ಸಣ್ಣ ತಂಡವು ಮುರಿದುಹೋಗಿದ್ದುದರಿಂದ ಅವನು ಸ್ವತಂತ್ರನಾಗಿದ್ದನು. ಹಲವು ತಂಡಗಳು ಅವನನ್ನು ಕರೆದವು. ೧೯೧೩ರ ಫೆಬ್ರವರಿಯಲ್ಲಿ ಅವನು ನ್ಯೂಯಾರ್ಕ್ ಜೈಂಟ್ಸ್ ತಂಡವನ್ನು ಸೇರಿದನು. ಅದರ ನಾಯಕತ್ವ ಜಾನ್ ಮೆಕ್‌ಗ್ರಾ ಎಂಬವನದು. ಆಟದ ಮರ್ಮಗಳನ್ನು ಅವನಂತೆ ಬಲ್ಲವರು ವಿರಳ, ಅವನಂತಹ ಉಗ್ರರೂ ವಿರಳ.

ಇಲ್ಲಿಯೇ ಥೋರ್ಪನ ಬೇಸ್‌ಬಾಲಿನ ಗ್ರಹಚಾರ ಮೊದಲಾಯಿತು. ಜೈಂಟ್ಸ್ ತಂಡವು ಆಗ ಉಚ್ಛ್ರಾಯದಲ್ಲಿದ್ದಿತು. ೧೯೧೧, ೧೯೧೨, ೧೯೧೩ ಈ ಮೂರು ವರ್ಷಗಳಲ್ಲಿಯೂ ನ್ಯಾಷನಲ್ ಲೀಗಿನ ಗೆಲವು ಅದರದೇ. ನುರಿತ ಆಟಗಾರರು ತುಂಬಿದ ಅಂತಹ ತಂಡದಲ್ಲಿ, ಕೆಳದರ್ಜೆಯಲ್ಲಿ ಎರಡು ಬೇಸಗೆ ಮಾತ್ರ ಆಡಿದ್ದವನಿಗೆ ಕಲಿಯಲು ಅವಕಾಶವೆಲ್ಲಿ? ಅವನ ಹೆಸರಿಗೆ ಜನ ಕೂಡುವರೆಂಬ ಆಸೆಯಿಂದಲೇ ಅವನನ್ನು ತಂದರೆಂದು ಬಹುಮಂದಿ ಬರೆದಿದ್ದಾರೆ. ೧೯೧೩ರಲ್ಲಿ ಅವನು ಆಡಿದ್ದು ೧೯ ಪಂದ್ಯ, ೧೯೧೪ರಲ್ಲಿ ೩೦, ೧೯೧೫ರಲ್ಲಿ ೧೭. ಈ ಮೂರು ವರ್ಷಗಳಲ್ಲಿ ಒಟ್ಟು ೧೧೮ ಸರದಿಗಳು. ಸಫಲವಾದ ಹೊಡೆತಗಳು ೨೩. ಸಾವಿರಕ್ಕೆ ೨೦೦ಕ್ಕೂ ಕಡಿಮೆ. ‘ತಿರುವಿನ ಚೆಂಡು ಅವನಿಗೆ ಕಾಣದು’ ಎಂಬ ಅಪವಾದ ಹುಟ್ಟಿದುದು ಈ ಕಾಲದಲ್ಲಿ.

ಆದರೆ ಯೋಚಿಸಿ ನೋಡಿರಿ. ದಿನವೂ ಆಡುವವನಿಗೆ ೧೧೮ ಸರದಿಗಳೆಂದರೆ ಒಂದು ತಿಂಗಳ ಕೆಲಸ. ಚೆಂಡು ಹೊಡೆಯುವುದು ವೀಣೆ ಬಾರಿಸುವ ಹಾಗೆ. ಕೈಗೆ ನಿತ್ಯದ ಅಭ್ಯಾಸ ಬೇಕು. ಒಂದು ತಿಂಗಳ ಅಭ್ಯಾಸವನ್ನು ಮೂರು ವರ್ಷಗಳಿಗೆ ಹಂಚಿ ಕೊಟ್ಟು, ಶ್ರುತಿ ಕೂಡಲಿಲ್ಲವೆಂದು ದೂರಿದರೆ ತಪ್ಪು ಯಾರದು? ಓಟಕ್ಕೂ ನೆಗೆತಕ್ಕೂ ಅವನ ಹುಟ್ಟುಶಕ್ತಿ ಸಾಕಾಗಿತ್ತು. ಇಲ್ಲಿ ಬೇಕಾದುದು ಶಕ್ತಿಯೊಂದೇ ಅಲ್ಲ, ಸೋತು ಸೋತು ಕಲಿಯುವ ಅವಕಾಶ. ಅದನ್ನು ಅವನಿಗೆ ಕೊಡಲಿಲ್ಲ.

ತಂಡದಲ್ಲಿ ಅವನ ಕೊಠಡಿಯ ಜೊತೆಗಾರನಾಗಿದ್ದವನು ಜಾನ್ ಮೇಯರ್ಸ್. ಇವನೂ ಕಹುಯಿಲ್ಲಾ ಎಂಬ ಆದಿನಿವಾಸಿ ಜನಾಂಗದವನು. ಆ ಜನರ ಆಟಗಾರ ಯಾರಾದರೂ ಪ್ರೇಕ್ಷಕರು ಅವನನ್ನು ‘ಚೀಫ್’ ಎಂದು ಅಣಕದಿಂದ ಕರೆಯುತ್ತಿದ್ದ ಕಾಲವದು. ಒಂದು ರಾತ್ರಿ ಥೋರ್ಪನು ತನ್ನನ್ನು ಎಬ್ಬಿಸಿ, ದೊರೆ ತನಗೆ ಕೊಟ್ಟ ಪಾರಿತೋಷಕಗಳನ್ನು ಕಿತ್ತುಕೊಂಡರಲ್ಲಾ ಎಂದು ಕಣ್ಣೀರಿಟ್ಟನೆಂದು ಮೇಯರ್ಸನು ಮುಪ್ಪಿನಲ್ಲಿ ಒಬ್ಬ ಲೇಖಕನಿಗೆ ಹೇಳಿದನು. ಹಗಲಿನಲ್ಲಿ ನಗುನಗುತ್ತ ಇದ್ದ ಮನುಷ್ಯನ ಎದೆಯಲ್ಲಿ ಎಂತಹ ಗಾಯವಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

೧೯೧೩ರ ಅಕ್ಟೋಬರಿನಲ್ಲಿ ಅವನಿಗೂ ಐವಾ ಮಿಲ್ಲರ್ ಎಂಬ ಕಾರ್ಲೈಲಿನ ಸಹಪಾಠಿಗೂ ವಿವಾಹವಾಯಿತು. ಕೂಡಲೇ ಜೈಂಟ್ಸ್ ತಂಡವೂ ಷಿಕಾಗೋ ವೈಟ್ ಸಾಕ್ಸ್ ತಂಡವೂ ಭೂಪ್ರದಕ್ಷಿಣೆಗೆ ಹೊರಟವು. ಜಪಾನು, ಹಾಂಗ್‌ಕಾಂಗು, ಮನಿಲಾ, ಆಸ್ಟ್ರೇಲಿಯಾಗಳನ್ನು ಸುತ್ತಿ, ನಮಗೆ ನೆರೆಯ ಸಿಂಹಳದ, ಎಂದರೆ ಈಗಿನ ಶ್ರೀಲಂಕೆಯ, ಕೊಲಂಬೋ ಪಟ್ಟಣಕ್ಕೂ ಬಂದು, ಅಲ್ಲಿಂದ ಈಜಿಪ್ಟು, ಇಟಲಿ, ಫ್ರಾನ್ಸುಗಳ ಮಾರ್ಗವಾಗಿ ಲಂಡನ್ನಿಗೆ ಹೋದವು. ೧೯೧೪ರ ಫೆಬ್ರವರಿಯಲ್ಲಿ ಐದನೆಯ ಜಾರ್ಜ್ ದೊರೆಯು ಅಲ್ಲಿ ಅವರ ಆಟವನ್ನು ನೋಡಿದನು. ಬೇಸ್‌ಬಾಲಿನ ಗಂಧವೇ ಇಲ್ಲದ ದೇಶಗಳಲ್ಲಿಯೂ ಜನರಿಗೆ ಗೊತ್ತಿದ್ದ ಹೆಸರೆಂದರೆ ಥೋರ್ಪನದೇ. ಲೋಕವೆಲ್ಲ ನೋಡಬಯಸಿದ ಆಟಗಾರನು ತವರಿಗೆ ಮರಳಿದ ಮೇಲೆ ಮತ್ತೆ ಮೂಲೆಯ ಬೆಂಚಿನಲ್ಲಿ ಕುಳಿತನು.

೬. ಕಲಿಕೆಯ ಕಾಲ

೧೯೧೬ರಲ್ಲಿ ಅವನನ್ನು ಮಿಲ್ವಾಕಿ ಎಂಬ ಊರಿನ ತಂಡಕ್ಕೆ ಕಳುಹಿಸಿದರು. ಅದು ಉನ್ನತ ದರ್ಜೆಗೆ ಒಂದು ಮೆಟ್ಟಿಲು ಕೆಳಗಿನ ತಂಡ. ಹೊರನೋಟಕ್ಕೆ ಇದು ಹಿಂಬಡ್ತಿ. ನಿಜಕ್ಕೂ ಇದು ಉಪಕಾರ. ಅಲ್ಲಿ ಅವನು ಮೊದಲ ಬಾರಿಗೆ ಒಂದು ವರ್ಷವೆಲ್ಲ ಬಿಡದೆ ಆಡಿದನು. ಹೊಡೆತದ ಲೆಕ್ಕ ಸಾವಿರಕ್ಕೆ ೨೭೪ಕ್ಕೆ ಏರಿತು. ಎದುರಾಳಿಯ ಕಣ್ತಪ್ಪಿಸಿ ಮುಂದಿನ ನೆಲೆಗೆ ಓಡುವುದನ್ನು ಆ ಆಟದವರು ನೆಲೆಯನ್ನು ಕದಿಯುವುದೆನ್ನುತ್ತಾರೆ; ಅಂತಹ ಕಳವುಗಳು ಆ ವರ್ಷ ೪೮.

೧೯೧೭ರಲ್ಲಿ ಅವನನ್ನು ಸಿನ್ಸಿನಾಟಿ ತಂಡಕ್ಕೆ ಕೊಟ್ಟರು. ಆ ವರ್ಷದ ಮೇ ೨ರಂದು ಷಿಕಾಗೋದಲ್ಲಿ ನಡೆದ ಪಂದ್ಯವು ಬೇಸ್‌ಬಾಲಿನ ಚರಿತ್ರೆಯಲ್ಲಿ ಅದ್ವಿತೀಯವಾದುದು. ಒಂದು ಪಂದ್ಯವೆಂದರೆ ಒಂಬತ್ತು ಸುತ್ತು. ಷಿಕಾಗೋದ ಎಸೆಗಾರ ವಾನನೂ ಸಿನ್ಸಿನಾಟಿಯ ಎಸೆಗಾರ ಟೋನಿಯೂ ಆ ಒಂಬತ್ತು ಸುತ್ತುಗಳಲ್ಲಿ ಎದುರಾಳಿಗಳಿಗೆ ಒಂದೇ ಒಂದು ಸಫಲವಾದ ಹೊಡೆತವನ್ನೂ ಬಿಟ್ಟುಕೊಡಲಿಲ್ಲ. ಒಬ್ಬನು ಹೀಗೆ ಮಾಡುವುದೇ ಅಪರೂಪ. ಒಂದೇ ಪಂದ್ಯದಲ್ಲಿ ಒಂಬತ್ತು ಸುತ್ತುಗಳವರೆಗೆ ಇಬ್ಬರೂ ಮಾಡಿದ್ದು ಉನ್ನತ ದರ್ಜೆಯ ಆಟದಲ್ಲಿ ಅದೊಂದೇ ಸಲ. ಹತ್ತನೆಯ ಸುತ್ತಿನಲ್ಲಿ ಸಿನ್ಸಿನಾಟಿಯ ಕಾಫ್ ಎಂಬವನು ಮೊದಲ ಹೊಡೆತವನ್ನು ಹೊಡೆದು ನೆಲೆ ಹಿಡಿದನು. ಎದುರಾಳಿಯ ಕೈತಪ್ಪಿನಿಂದ ಮೂರನೆಯ ನೆಲೆಯನ್ನು ಮುಟ್ಟಿದನು. ಆಗ ದೊಣ್ಣೆ ಹಿಡಿದು ಬಂದವನು ಥೋರ್ಪ್. ಅವನು ಹೊಡೆದ ಚೆಂಡು ದೂರ ಹೋಗಲಿಲ್ಲ. ಪುಟಿಯುತ್ತ ಎಸೆಗಾರನ ಬಳಿಗೇ ಉರುಳಿತು. ಆದರೆ ಓಡುತ್ತಿದ್ದವನು ಥೋರ್ಪ್! ಅವನನ್ನು ಮೊದಲನೆಯ ನೆಲೆಯಲ್ಲಿ ತಡೆಯುವುದು ಅಸಾಧ್ಯವೆಂದು ವಾನನು ಚೆಂಡನ್ನು ಮನೆನೆಲೆಯ ಕಡೆಗೆ ಎಸೆದನು, ಅಲ್ಲಿದ್ದವನಿಗೆ ಅದು ಹಿಡಿಯಲು ಸಿಕ್ಕಲಿಲ್ಲ, ಕಾಫನು ಒಳಸೇರಿದನು. ಸಿನ್ಸಿನಾಟಿಯು ೧-೦ಯಿಂದ ಗೆದ್ದಿತು. ಆ ಓಟವನ್ನು ತಂದುದು ದೊಣ್ಣೆಯ ಬಲವಲ್ಲ, ಸ್ಟಾಕ್‌ಹೋಮಿನಲ್ಲಿ ಓಡಿದ ಅದೇ ಕಾಲುಗಳ ಬಲ.

ಅದೇ ವರ್ಷದ ಆಗಸ್ಟಿನಲ್ಲಿ ಅವನು ಜೈಂಟ್ಸ್ ತಂಡಕ್ಕೆ ಮರಳಿದನು. ತಂಡವು ಲೀಗನ್ನು ಗೆದ್ದು, ವಿಶ್ವಸರಣಿ ಎಂಬ ಅಂತಿಮ ಪಂದ್ಯಗಳಲ್ಲಿ ಷಿಕಾಗೋ ವೈಟ್ ಸಾಕ್ಸನ್ನು ಎದುರಿಸಿತು. ಐದನೆಯ ಪಂದ್ಯದಲ್ಲಿ ಮೆಕ್‌ಗ್ರಾನು ಥೋರ್ಪನ ಹೆಸರನ್ನು ಆಟಗಾರರ ಪಟ್ಟಿಯಲ್ಲಿ ಬರೆದನು. ಎದುರಾಳಿಯ ಎಸೆಗಾರನು ಎಡಗೈಯವನು. ಥೋರ್ಪನು ಬಲಗೈ ಹೊಡೆಗಾರನಾದುದರಿಂದ ಈ ಏರ್ಪಾಡು. ಆದರೆ ಅವನ ಸರದಿ ಬರುವ ಮೊದಲೇ ಷಿಕಾಗೋದವರು ಆ ಎಸೆಗಾರನನ್ನು ತೆಗೆದು ಬಲಗೈಯವನನ್ನು ನಿಲ್ಲಿಸಿದರು. ಒಡನೆಯೇ ಮೆಕ್‌ಗ್ರಾನು ಥೋರ್ಪನನ್ನು ತೆಗೆದು ಬೇರೊಬ್ಬನನ್ನು ಕಳುಹಿಸಿದನು. ವಿಶ್ವಸರಣಿಯ ದಾಖಲೆಯಲ್ಲಿ ಥೋರ್ಪನ ಹೆಸರಿದೆ. ಅವನು ದೊಣ್ಣೆಯನ್ನೂ ಬೀಸಲಿಲ್ಲ, ಬಯಲಿನಲ್ಲಿಯೂ ನಿಲ್ಲಲಿಲ್ಲ. ಅವನ ಬೇಸ್‌ಬಾಲಿನ ಬಾಳನ್ನೆಲ್ಲ ಒಂದು ಚಿತ್ರದಲ್ಲಿ ಬರೆಯಬೇಕಾದರೆ ಈ ಪ್ರಸಂಗವೇ ಸಾಕು.

೭. ಕೊನೆಯ ಲೆಕ್ಕ

೧೯೧೮ರಲ್ಲಿ ಅವನ ಮೂರು ವರ್ಷದ ಮಗನು ತೀರಿಕೊಂಡನು. ಈ ಪೆಟ್ಟಿನಿಂದ ಅವನು ಎಂದೂ ಪೂರ್ತಿಯಾಗಿ ಚೇತರಿಸಿಕೊಳ್ಳಲಿಲ್ಲವೆಂದು ಬಲ್ಲವರು ಹೇಳಿದ್ದಾರೆ. ೧೯೧೯ರ ಮೇ ತಿಂಗಳಿನಲ್ಲಿ ಜೈಂಟ್ಸ್ ತಂಡವು ಅವನನ್ನು ಬೋಸ್ಟನ್ ಬ್ರೇವ್ಸ್ ತಂಡಕ್ಕೆ ಕೊಟ್ಟುಬಿಟ್ಟಿತು. ಅಲ್ಲಿ ಅವನು ೬೦ ಪಂದ್ಯಗಳನ್ನಾಡಿದನು. ಆ ವರ್ಷದ ಲೆಕ್ಕ ಹೀಗಿದೆ: ೧೫೯ ಸರದಿಗಳು, ೫೨ ಹೊಡೆತಗಳು, ಸಾವಿರಕ್ಕೆ ೩೨೭.

ಶ್ರೇಷ್ಠನೆನಿಸಲು ೩೦೦ ಸಾಕೆಂದು ಮೊದಲೇ ಹೇಳಿದೆವು. ತಿರುವಿನ ಚೆಂಡು ಕಾಣದವನು ೩೨೭ ಹೊಡೆಯಲಾರನು. ಆದರೂ ಅದೇ ಅವನ ಕೊನೆಯ ವರ್ಷವಾಯಿತು. ಉನ್ನತ ದರ್ಜೆಯಲ್ಲಿ ಮತ್ತೆ ಅವನು ಆಡಲಿಲ್ಲ. ೧೯೨೦ರಲ್ಲಿ ಆಕ್ರನ್ ತಂಡದಲ್ಲಿ ಸಾವಿರಕ್ಕೆ ೩೬೦, ೧೯೨೧ರಲ್ಲಿ ಟೊಲೀಡೋ ತಂಡದಲ್ಲಿ ೩೫೮ ಹೊಡೆದನು. ಇವೂ ಮಿಲ್ವಾಕಿಯ ದರ್ಜೆಯ ತಂಡಗಳೇ. ನಾಲ್ಕು ವರ್ಷದ ಹಿಂದೆ ಅದೇ ದರ್ಜೆಯಲ್ಲಿ ೨೭೪ ಹೊಡೆದವನು ಮೂವತ್ತು ಕಳೆದ ವಯಸ್ಸಿನಲ್ಲಿ ೩೬೦ಕ್ಕೆ ಏರಿದನೆಂದರೆ, ಅವನು ಕಲಿಯುತ್ತಲೇ ಇದ್ದನೆಂದಲ್ಲವೆ ಅರ್ಥ?

ಉನ್ನತ ದರ್ಜೆಯ ಆರು ವರ್ಷಗಳನ್ನು ಕೂಡಿಸಿದರೆ ೨೮೯ ಪಂದ್ಯಗಳು, ೬೯೮ ಸರದಿಗಳು, ೧೭೬ ಹೊಡೆತಗಳು, ಸಾವಿರಕ್ಕೆ ೨೫೨. ವಿಮರ್ಶಕರು ಈ ಒಟ್ಟು ಮೊತ್ತವನ್ನು ಮಾತ್ರ ನೋಡಿ ‘ಮಧ್ಯಮ’ ಎಂದು ಬರೆದುಬಿಡುತ್ತಾರೆ. ಮೊದಲಿನ ಮೂರು ವರ್ಷಗಳ ೨೩ ಹೊಡೆತಗಳನ್ನೂ ಕೊನೆಯ ವರ್ಷದ ೫೨ ಹೊಡೆತಗಳನ್ನೂ ಎದುರುಬದುರಾಗಿ ಇಟ್ಟು ನೋಡಿದವರು ಕಡಿಮೆ. ಅವನು ಬೇಸ್‌ಬಾಲಿನ ಮಹಾಪುರುಷನಾಗಿದ್ದನೆಂದು ನಾವು ಸಾಧಿಸಹೊರಟಿಲ್ಲ. ಬೇಸಗೆಯಲ್ಲಿ ಬೇಸ್‌ಬಾಲ್, ಚಳಿಗಾಲದಲ್ಲಿ ಫುಟ್‌ಬಾಲ್ ಎಂದು ದೇಹವನ್ನು ಹಂಚಿಕೊಂಡವನಿಗೆ ಅದು ಕಷ್ಟವೇ ಸರಿ. ೧೯೧೫ರಿಂದ ಅವನು ಕ್ಯಾಂಟನ್ ಊರಿನ ಫುಟ್‌ಬಾಲ್ ತಂಡಕ್ಕೆ ಪಂದ್ಯವೊಂದಕ್ಕೆ ೨೫೦ ಡಾಲರಿನಂತೆ ಆಡುತ್ತಿದ್ದನು. ೧೯೨೦ರಲ್ಲಿ ವೃತ್ತಿಪರ ಫುಟ್‌ಬಾಲ್ ಸಂಘವು ಸ್ಥಾಪಿತವಾದಾಗ ಅದರ ಮೊದಲ ಅಧ್ಯಕ್ಷನೂ ಆದನು. ನಾವು ಹೇಳುವುದಿಷ್ಟೆ: ಬೇಸ್‌ಬಾಲ್ ಅವನಿಗೆ ಒಲಿಯಲಿಲ್ಲವೆಂಬುದು ಸುಳ್ಳು, ಅದು ತಡವಾಗಿ ಒಲಿಯಿತು. ಒಲಿಯುವ ಹೊತ್ತಿಗೆ ತೀರ್ಪು ಬರೆದಾಗಿತ್ತು.

೮. ನ್ಯಾಯದ ನಿಧಾನ

ಅನಂತರದ ಬಾಳು ಇಳಿಜಾರಿನದು. ಆಟ ನಿಂತ ಮೇಲೆ ಕೂಲಿ ಮಾಡಿದನು, ಚಲಚ್ಚಿತ್ರಗಳಲ್ಲಿ ಸಣ್ಣ ವೇಷಗಳನ್ನು ಹಾಕಿದನು, ಕುಡಿತಕ್ಕೂ ತುತ್ತಾದನು. ೧೯೩೨ರಲ್ಲಿ ಒಲಿಂಪಿಕ್ ಕೂಟವು ಲಾಸ್ ಏಂಜಲಿಸ್ಸಿನಲ್ಲಿ ನಡೆದಾಗ ಒಳಗೆ ಹೋಗಲು ಚೀಟಿಗೆ ಅವನಲ್ಲಿ ಹಣವಿರಲಿಲ್ಲ. ಇದನ್ನು ತಿಳಿದ ಅಮೆರಿಕದ ಉಪಾಧ್ಯಕ್ಷ ಚಾರ್ಲ್ಸ್ ಕರ್ಟಿಸನು, ಕಾ ಎಂಬ ಆದಿನಿವಾಸಿ ಜನಾಂಗದ ರಕ್ತವುಳ್ಳವನು, ಅವನನ್ನು ಕರೆದು ತನ್ನೊಡನೆ ಕುಳ್ಳಿರಿಸಿಕೊಂಡನು. ಅವನನ್ನು ಗುರುತಿಸಿದ ಜನಸ್ತೋಮವು ಎದ್ದು ನಿಂತು ಗೌರವಿಸಿತು. ಥೋರ್ಪನು ೧೯೫೩ರ ಮಾರ್ಚ್ ೨೮ರಂದು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡನು, ಪದಕಗಳು ಹಿಂದಿರುಗಿರಲಿಲ್ಲ.

ಅವನ ಮಕ್ಕಳೂ ಅಭಿಮಾನಿಗಳೂ ಬಿಡದೆ ಹೋರಾಡಿದರು. ಸ್ಟಾಕ್‌ಹೋಮಿನಲ್ಲಿ ಅವನ ಎದುರು ಸೋತಿದ್ದ ಏವರಿ ಬ್ರಂಡೇಜನು ೧೯೫೨ರಿಂದ ೧೯೭೨ರವರೆಗೆ ಒಲಿಂಪಿಕ್ ಸಮಿತಿಯ ಅಧ್ಯಕ್ಷನಾಗಿದ್ದನು. ಅವನು ಈ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಥೋರ್ಪನ ಚರಿತ್ರಕಾರನಾದ ರಾಬರ್ಟ್ ವೀಲರನೂ ಅವನ ಪತ್ನಿ ಫ್ಲಾರೆನ್ಸ್ ರಿಡ್ಲನ್ನಳೂ ಕೂಡಿ ೩೦ ದಿನಗಳ ಆ ಹಳೆಯ ನಿಯಮವನ್ನು ಹುಡುಕಿ ಮುಂದಿಟ್ಟರು. ೧೯೮೨ರಲ್ಲಿ ಸಮಿತಿಯು ಅವನ ಹೆಸರನ್ನು ಮರಳಿ ಸೇರಿಸಿತು. ೧೯೮೩ರ ಜನವರಿಯಲ್ಲಿ ಪದಕಗಳ ಪ್ರತಿಗಳನ್ನು ಮಕ್ಕಳಿಗೆ ಒಪ್ಪಿಸಿತು. ಆದರೂ ಅವನನ್ನು ಸಹವಿಜೇತನೆಂದು ಮಾತ್ರ ಒಪ್ಪಿತು. ವೀಸ್ಲಾಂಡರನೇ ಆ ಚಿನ್ನವನ್ನು ತನ್ನದೆಂದು ಮನಸಾರೆ ಒಪ್ಪಿಕೊಂಡಿರಲಿಲ್ಲವೆಂದು ಅವನ ಕಡೆಯವರು ಹೇಳಿದರು. ಕಟ್ಟಕಡೆಗೆ ೨೦೨೨ರ ಜುಲೈ ೧೫ರಂದು, ದಶಸ್ಪರ್ಧೆಯು ಮುಗಿದು ಸರಿಯಾಗಿ ೧೧೦ ವರ್ಷಗಳಾದ ದಿನ, ಥೋರ್ಪನೊಬ್ಬನೇ ವಿಜೇತನೆಂದು ಸಮಿತಿಯು ಸಾರಿತು.

ಒಲಿಂಪಿಕ್ಕಿನ ದಾ‌ಖಲೆಯು ಹೀಗೆ ತಿದ್ದುಪಡಿಯಾಯಿತು. ಬೇಸ್‌ಬಾಲಿನ ದಾಖಲೆಯನ್ನು ತಿದ್ದುವ ಅಗತ್ಯವಿಲ್ಲ. ಅದರಲ್ಲಿ ಎಲ್ಲವೂ ಇದ್ದಂತೆಯೇ ಇದೆ. ತಿದ್ದಬೇಕಾದುದು ಅದನ್ನು ಓದುವ ನಮ್ಮ ರೀತಿಯನ್ನು. ಮನುಷ್ಯನ ಸಾಮರ್ಥ್ಯವನ್ನು ಅಳೆಯುವಾಗ ಅವನು ಎಷ್ಟು ಮಾಡಿದನೆಂಬುದರ ಜೊತೆಗೆ, ಮಾಡಲು ಅವನಿಗೆ ಎಷ್ಟು ಅವಕಾಶವಿತ್ತೆಂಬುದನ್ನೂ ಕೇಳಬೇಡವೆ? ನಮ್ಮ ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಮೂಲೆಯ ಬೆಂಚಿನಲ್ಲಿ ಕುಳ್ಳಿರಿಸಿ, ಬಳಿಕ ‘ಇವನಿಗೆ ವಿದ್ಯೆ ಹತ್ತದು’ ಎಂದು ನಾವು ತೀರ್ಮಾನಿಸಿದ ಮಕ್ಕಳೆಷ್ಟಿರಬಹುದು! ಹತ್ತು ಕಟ್ಟುವುದಕ್ಕಿಂತ ಒಂದು ಮುತ್ತು ಕಟ್ಟುವುದು ಮೇಲೆಂಬ ಗಾದೆ ಸುಳ್ಳಲ್ಲ. ಆದರೆ ಕಟ್ಟುವವನ ಕೈಗೆ ಮೊದಲು ದಾರವನ್ನು ಕೊಡಬೇಕು.